ಮೊಸಳೆಯ ಬಾಯಿ ಕಟ್ಟುವ ರುಯಾಚ್

ಸೋಬತ್ ನದಿಯ ಮೇಲೆ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ದನದ ಬೀಡಿನಿಂದ ಸಗಣಿಯ ಹೊಗೆ ಏಳುತ್ತಿದೆ. ರುಯಾಚ್ ಆಗಲೇ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಉದ್ದನೆಯ ಹುಲ್ಲಿಗೆ ಗಂಟು ಹಾಕುತ್ತಿದ್ದಾರೆ. ನೀರಿಗಿಳಿಯುವ ಒಬ್ಬೊಬ್ಬನಿಗೂ ಒಂದೊಂದು ಗಂಟು. ಇವತ್ತು ಹನ್ನೊಂದು. ಇವತ್ತು ಭಯಕ್ಕೆ ಒಂದೊಂದನ್ನೂ ಎರಡೆರಡು ಸಲ ಎಳೆದು ನೋಡುತ್ತಾರೆ.

ಈಟಿಯಿಂದ ಮೀನು ಹೊಡೆಯುವ ತರುಣರನ್ನು ದನ ಸಾಕುವ ನುಯೆರ್ ಜನರ ನಾಡೆಲ್ಲ ಹೊಗಳುತ್ತದೆ. ಅವರು ನೀರಿನಲ್ಲಿರುವಷ್ಟು ಹೊತ್ತು ಹುಲ್ಲಿನ ಗಂಟಿನಿಂದ ಮೊಸಳೆಯ ಬಾಯಿ ಕಟ್ಟಿ ಕೂರುವವರ ಹೆಸರು ಯಾರ ಹಾಡಿನಲ್ಲೂ ಬರುವುದಿಲ್ಲ. ರುಯಾಚ್ ಅವರ ವಂಶಕ್ಕೆ ಮೊಸಳೆ ನೆಂಟ. ಅದರ ಮಾಂಸ ಮುಟ್ಟುವುದಿಲ್ಲ, ಅದರ ಮೇಲೆ ಈಟಿ ಎತ್ತುವುದಿಲ್ಲ. ತಂದೆ ಸತ್ತ ಮೇಲೆ ಈ ಕೆಲಸ ಇವರ ತಲೆಗೆ ಬಂದು ಹದಿನಾರು ಬೇಸಿಗೆ ಕಳೆದಿವೆ. ನೀರಿಳಿದ ನಾಲ್ಕು ತಿಂಗಳು, ದಿನವೂ ನಡುಹಗಲಿನ ತನಕ ಹನಿ ಹಾಲೂ ಕುಡಿಯುವಂತಿಲ್ಲ. ಪ್ರತಿಫಲ ಎರಡು ಮೀನು, ಅದೂ ತರುಣರಿಗೆ ನೆನಪಾದರೆ.

"ಗಂಟು ನಾನು ಹಾಕ್ತೀನಿ, ಸರಿ. ಗದ್ದಲ ಅವ್ರು ಮಾಡ್ಬೇಕು. ಕಾಲು ಆಡ್ತಾ ಇರ್ಬೇಕು, ಈಟಿ ಬೀಳ್ತಾ ಇರ್ಬೇಕು. ಸುಮ್ನೆ ನಿಂತೋರನ್ನ ಅದು ಬಿಡಲ್ಲ."

ಮೂರು ವರ್ಷದ ಹಿಂದೆ ವಿಯೂ ಎಂಬ ತರುಣ, ಈಟಿಗೆ ಸಿಕ್ಕ ದೊಡ್ಡ ಮೀನನ್ನು ನೋಡುತ್ತ ಒಂದು ಗಳಿಗೆ ನಿಂತ. ದಂಡೆಗೆ ಮರಳಿದವರ ಗಂಟನ್ನಷ್ಟೇ ಬಿಚ್ಚುವುದು; ಅವನ ಗಂಟನ್ನು ರುಯಾಚ್ ಇನ್ನೂ ಬಿಚ್ಚಿಲ್ಲ.

ಇವತ್ತಿನ ಭಯಕ್ಕೆ ಕಾರಣ ಪಟ ತೆಗೆಯುವ ಬಿಳಿಯ ದೊರೆ. ಮೂರು ಕಾಲಿನ ಪೆಟ್ಟಿಗೆ ನೆಟ್ಟಿದ್ದಾನೆ. ತರುಣರು ಸೊಂಟಮಟ್ಟದ ನೀರಿನಲ್ಲಿ ಈಟಿ ಎತ್ತಿ ಅಲುಗದೆ ನಿಲ್ಲಬೇಕು, ಅಲುಗಿದರೆ ಪಟ ಕಲಸಿಹೋಗುತ್ತದಂತೆ. ದಂಡೆಯ ಮುದುಕ ಪಟಕ್ಕೆ ಅಡ್ಡ ಬರುತ್ತಾನೆ, ಜೊಂಡಿನ ಹಿಂದೆ ಕೂರಲಿ ಎಂದೂ ದುಭಾಷಿಯ ಕೈಲಿ ಹೇಳಿಸಿದ್ದಾನೆ. ಬೇಡವೆಂದು ರುಯಾಚ್ ಬೇಡಿಕೊಂಡರೆ ತರುಣರ ಮುಂದಾಳು ಬಿಯೆಲ್ ನಕ್ಕುಬಿಟ್ಟ.

"ಮಾವ, ನಿಮ್ಮ ನೆಂಟರಿಗೆ ಇವತ್ತು ಮನೇಲೇ ಇರೋಕೆ ಹೇಳಿ."

ಮೈಗೆಲ್ಲ ಬೂದಿ ಬಳಿದು ಸಿಂಗರಿಸಿಕೊಂಡವರಿಗೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಹನ್ನೊಂದು ಜನ ನೀರಿನಲ್ಲಿ ನಿಲ್ಲುತ್ತಾರೆ. ನದಿ ಇಷ್ಟು ಸದ್ದಿಲ್ಲದೆ ಇದ್ದದ್ದನ್ನು ರುಯಾಚ್ ಕಂಡೇ ಇಲ್ಲ. ಜೊಂಡಿನ ಸಂದಿಯಿಂದ ಏಳು ಬೆನ್ನು ಮಾತ್ರ ಕಾಣುತ್ತವೆ; ಉಳಿದ ನಾಲ್ವರ ಗತಿಯೇನೋ ಎಂದು ಕತ್ತು ಚಾಚಿ ಹುಡುಕುತ್ತಾರೆ. ಅಷ್ಟರಲ್ಲಿ ಆಚೆ ಪಾಚಿಯ ಮುದ್ದೆಯೊಂದು ಹರಿವಿಗೆ ಎದುರಾಗಿ ಸರಿಯತೊಡಗುತ್ತದೆ. ರುಯಾಚ್ ಜೊಂಡು ಸೀಳಿಕೊಂಡು ನೀರಿಗೆ ಬಿದ್ದು, ಎರಡೂ ಕೈಯಿಂದ ನೀರು ಬಡಿಯುತ್ತ, ಪೆಟ್ಟಿಗೆಗೆ ನೇರ ಅಡ್ಡವಾಗಿ ನುಗ್ಗುತ್ತಾರೆ. ತರುಣರು ಎದ್ದೆವೋ ಬಿದ್ದೆವೋ ಎಂದು ದಂಡೆಗೆ ಓಡುತ್ತಾರೆ. ಪಾಚಿ ಮುಳುಗುತ್ತದೆ, ಮತ್ತೆ ಏಳುವುದಿಲ್ಲ.

ಪಟ ಮೂಡುವ ಗಾಜಿನ ಹಲಗೆ ಹಾಳಾಯಿತೆಂದು ದೊರೆ ಕೂಗಾಡುತ್ತಾನೆ. ಅದು ಪಾಚಿ ಕಟ್ಟಿದ ದಿಮ್ಮಿ ಅಷ್ಟೇ ಎಂದು ಬಿಯೆಲ್ ವಾದಿಸುತ್ತಾನೆ, ಆದರೆ ಮತ್ತೆ ನೀರಿಗಿಳಿಯುವ ಮಾತೆತ್ತುವುದಿಲ್ಲ. ರುಯಾಚ್ ಒಂದೊಂದೇ ಗಂಟು ಬಿಚ್ಚುತ್ತ ಕೂತಿದ್ದಾರೆ. ಹೆದರಿಕೆ ಆಗಲಿಲ್ಲವೇ ಎಂದರೆ ಕೇಳಿದವರ ಮುಖವನ್ನೇ ದಿಟ್ಟಿಸುತ್ತಾರೆ.

"ಹೆದರದೋನು ಈ ಕೆಲ್ಸಕ್ಕೆ ಬರ್ಬಾರ್ದಪ್ಪ."

ಹೋದ ವರ್ಷ ತೆಗೆದ ಪಟವೊಂದನ್ನು ದೊರೆ ರುಯಾಚ್ ಅವರಿಗೆ ತೋರಿಸಿದ್ದನಂತೆ. ನೀರಿನಲ್ಲಿ ನಿಂತ ಇದೇ ತರುಣರು. ಸೊಂಟದ ಕೆಳಗೆ ಏನೂ ಇಲ್ಲ, ಮೊಸಳೆ ಕಚ್ಚಿ ಒಯ್ದ ಹಾಗೆ. ಅಂದಿನಿಂದ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಹಾಗಾಗಿ ದೊರೆಗೆ ಒಂದು ಮಾತು ಮುಟ್ಟಿಸಬೇಕಂತೆ. ತಮ್ಮ ಪಟವೇನೂ ಬೇಡ.

"ಇವ್ರನ್ನ ಒಂದ್ಸಲ ದಂಡೆ ಮೇಲೆ ನಿಲ್ಸಿ ತೆಗೀಲಿ. ಎಲ್ಲಾ ಕಾಲೂ ಕಾಣೋ ಹಾಗೆ."