ನಾನು ‘ನಿಲ್ಲಿ’ ಅಂದಾಗ ನಿಂತ ಬಂದೂಕುಗಳು

ಸಾಲಗುಂದದಲ್ಲಿ ಹುಡುಗಿಯಾಗಿದ್ದಾಗ ಜೋಳದ ಹೊಲದ ಅಟ್ಟಣಿಗೆಯ ಮೇಲೆ ಕೂತು ಹಕ್ಕಿ ಕಾಯುತ್ತಿದ್ದೆ. ಒಂದು ಬೆಳಗ್ಗೆ ಮಂಜು ಬಿದ್ದು, ತೆನೆಗಳೆಲ್ಲ ನೀರೊಳಗೆ ನಿಂತಂತೆ ಕಾಣುತ್ತಿದ್ದವು. ಪಕ್ಕದ ಹೊಲದ ಗೌಡರು ಹಕ್ಕಿ ಬೆದರಿಸಲೆಂದು ನನ್ನ ಬೆನ್ನ ಹಿಂದೆಯೇ ಬಂದೂಕು ಹಾರಿಸಿದರು. ಹಕ್ಕಿಗಳು ಮೇಲೆ ಹೋದವು, ನಾನು ಕೆಳಗೆ ಬಂದೆ. ಕೈಕಾಲು ಮುರಿಯಲಿಲ್ಲ. ಆ ಸದ್ದು ಮಾತ್ರ ನನ್ನೊಳಗೆಲ್ಲೋ ಗೂಡು ಕಟ್ಟಿಕೊಂಡಿತು. ಮದುವೆಯಾಗಿ ಮಸ್ಕಿಗೆ ಬಂದ ಮೇಲೂ ದೀಪಾವಳಿ ಪಟಾಕಿಗೆ ಹೆದರಿ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅಂಥವಳ ಮನೆಗೆ ಬಂದೂಕು ಬಂತು. ಮಗಳೂ ಅಳಿಯನೂ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವರು, ಹಾಗಾಗಿ ಮೊಮ್ಮಗಳು ನನ್ನ ಹತ್ತಿರವೇ ಬೆಳೆದಳು. ಲಿಂಗಸುಗೂರಿನ ಕಾಲೇಜಿಗೆ ಹೋಗುತ್ತ, ಅಲ್ಲಿ ನಿವೃತ್ತ ಸೈನಿಕರೊಬ್ಬರ ಹತ್ತಿರ ಏರ್ ರೈಫಲ್ ಕಲಿಯುತ್ತಿದ್ದಳು. ಆಯ್ಕೆಯ ಸ್ಪರ್ಧೆ ಹತ್ತಿರ ಬಂದಿತ್ತು. ಮನೆಯಲ್ಲಿ ದಿನಾ ಖಾಲಿ ಬಂದೂಕು ಹಿಡಿದು ತೋಳು ಪಳಗಿಸಬೇಕೆಂದು ಆ ಮಾಸ್ತರರು ಒಂದನ್ನು ಕೊಟ್ಟು ಕಳಿಸಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಖಾಲಿ ಐತಿ ಬೇ ಆಯಿ, ಒಳಗ ಏನೂ ಇಲ್ಲ.”

“ಏನೂ ಇಲ್ಲಂದ್ರ ಯಾಕ ತಂದಿ? ಒಯ್ದು ಕೊಟ್ಟು ಬಾ.”

ಅವಳು ಜಗಳ ಆಡಲಿಲ್ಲ. “ನಿನಗ ಅಷ್ಟು ಅಂಜಿಕಿ ಇದ್ರ ಬಿಟ್ಟುಬಿಡ್ತೀನಿ” ಅಂದು ಮುಂದಿನ ಬಸ್ಸಿಗೆ ತಿರುಗಿ ಹೋದಳು.

ಮರುದಿನ ನವಮಿ, ಖಂಡೆ ಪೂಜೆ. ದುಡಿಯುವ ಕೈಗೆ ಯಾವುದು ಆಸರೆಯೋ ಅದಕ್ಕೆಲ್ಲ ಅವತ್ತು ಕುಂಕುಮ. ಈಳಿಗೆ, ಕುಡಗೋಲು, ಹೊಲಿಗೆ ಮಷಿನ್ ಎಲ್ಲಕ್ಕೂ ಹಚ್ಚಿದೆ. ಈಗ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿರುವ ಈ ಫೋನಿಗೂ ಹಚ್ಚಿದೆ. ಮೊಮ್ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು. “ಎಲ್ಲಾರ ಆಯುಧಕ್ಕೂ ಪೂಜಿ ಆತು. ನಂದೊಂದ ಹೊರಗ ಉಳೀತು” ಅಂದಳು. ಸಿಟ್ಟಿನಿಂದ ಅಂದಿದ್ದರೆ ನಾನೂ ಗುದ್ದಾಡುತ್ತಿದ್ದೆ. ಮೆತ್ತಗೆ ಅಂದಳು. “ಬಿಡಬ್ಯಾಡ, ನಾನೂ ಬಂದು ನೋಡ್ತೀನಿ” ಅಂದೆ. ಆ ಭಾನುವಾರ ಅವಳ ಹಿಂದೆ ನಾನೂ ಬಸ್ಸು ಹತ್ತಿದೆ.

ಮೊಮ್ಮಗಳು ಕಲಿಯುವ ಜಾಗ ಒಂದು ಹಳೆಯ ಹತ್ತಿ ಮಿಲ್ಲಿನ ಉದ್ದನೆಯ ಶೆಡ್ಡು. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಯಾವ ಕಾಲದ್ದೋ ಹತ್ತಿಯ ಎಳೆಗಳು ಅದರಲ್ಲಿ ಇನ್ನೂ ತೇಲುತ್ತಿದ್ದವು, ಕೆಳಗಿಳಿಯುವುದನ್ನೇ ಮರೆತವರ ಹಾಗೆ.

ಮಾಸ್ತರರು ಕುರ್ಚಿ ಹಾಕಿದರು. “ಕುಂದರ್ರೀ ಅಮ್ಮಾ. ಇವತ್ತು ನೀವು ಬಂದೂಕು ಮುಟ್ಟೂದು ಬ್ಯಾಡ. ಚಾ ಕುಡೀರಿ.”

“ಚಾ ಕುಡ್ಯಾಕ ಮಸ್ಕಿಯಿಂದ ಬಂದೀನೇನ್ರೀ?”

ಅವರು ನಕ್ಕರು. “ಇಲ್ಲಿ ಒಂದು ಕಾಯ್ದೆ ಐತ್ರಿ. ಯಾರಿಗೆ ಅಂಜಿಕಿ ಬಂದ್ರೂ ‘ನಿಲ್ಲಿ’ ಅಂತ ಕೂಗಬಹುದು. ಯಾಕಂತ ಯಾರೂ ಕೇಳಂಗಿಲ್ಲ. ಎಲ್ಲಾರೂ ಬಂದೂಕು ಇಟ್ಟು ಹಿಂದ ಸರೀಬೇಕು.”

“ನಾ ಕೂಗಿದ್ರೂ?”

“ನೀವು ಕೂಗಿದ್ರೂ.”

ಹುಡುಗರು ಗುರಿ ಹಿಡಿದರು. “ನಿಲ್ಲಿ!” ಅಂದೆ. ಸಾಲಾಗಿ ನಿಂತಿದ್ದವರೆಲ್ಲ ಬಂದೂಕು ಮೇಜಿನ ಮೇಲಿಟ್ಟು ಹಿಂದೆ ಸರಿದರು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ನಗಲಿಲ್ಲ. ಆ ಮೌನದಲ್ಲಿ ತೊಲೆಯ ಮೇಲಿನ ಗುಬ್ಬಿಯ ಸದ್ದೂ ಕೇಳಿತು. ಅಟ್ಟಣಿಗೆಯ ಮೇಲಿದ್ದಾಗ ಇಂಥದೊಂದು ಮಾತು ನನ್ನ ಬಾಯಲ್ಲಿ ಇರಲಿಲ್ಲವಲ್ಲ ಅನಿಸಿತು.

ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿದೆ. ಈ ಸಲ ಅಂಜಿಕೆ ಇರಲಿಲ್ಲ. ರುಚಿ ಹತ್ತಿತ್ತು.

“ಆಯೀ, ಸುಮ್ಮ ಕುಂದ್ರು ಬೇ!” ಮೊಮ್ಮಗಳು ಹಲ್ಲು ಕಚ್ಚಿದಳು.

“ಯಾಕಂತ ಕೇಳಂಗಿಲ್ಲಲೇ. ನಿಮ್ಮ ಸರ್ ಹೇಳ್ಯಾರ.”

ಮಾಸ್ತರರು ತಮ್ಮದೇ ಕಾಯ್ದೆ ನೆನಪಾಗಿ ನನಗೆ ಇನ್ನೊಂದು ಚಾ ತರಿಸಿದರು.

ಮುಂದಿನ ಭಾನುವಾರಗಳಲ್ಲಿ ಕುರ್ಚಿ ಮೇಜಿನ ಹತ್ತಿರ ಸರಿಯುತ್ತ ಹೋಯಿತು. ಅವರು ಬಂದೂಕು ಬಿಚ್ಚಿ, ಒಳಗೆ ಖಾಲಿ ಎಂದು ತೋರಿಸಿ, ನನ್ನ ಕಣ್ಣಿಂದಲೇ ನೋಡಿಸುತ್ತಿದ್ದರು. ಬಂದೂಕಿನ ಬಾಯಿ ಯಾವಾಗಲೂ ಗೋಡೆಯ ಕಡೆಗೆ, ಬೆರಳು ಗುಂಡು ಹಾರಿಸುವ ಕುದುರೆಯಿಂದ ಹೊರಗೆ. “ಸಾಕು ಅಂದ್ರ ಸಾಕು ಅಮ್ಮಾ, ಗಡಬಿಡಿ ಇಲ್ಲ” ಎಂದು ಪ್ರತಿ ಸಲ ಹೇಳುತ್ತಿದ್ದರು. ಒಂದು ದಿನ ನಾನೇ “ಕೊಡ್ರಿ ಇಲ್ಲಿ” ಅಂದೆ.

ಮರಳಿನ ಚೀಲದ ಮೇಲೆ ಬಂದೂಕು ಊರಿಸಿಕೊಟ್ಟರು. ಜೋಳದ ಕಾಳಿನಷ್ಟು ಸೀಸದ ಛರ್ರಾ ಗುಂಡು ಹಾಕಿದರು. ರಂಗೋಲಿಯ ಎಳೆ ಎಳೆಯುವಾಗ ಉಸಿರು ತಾನಾಗಿ ನಿಲ್ಲುತ್ತದಲ್ಲ, ಹಾಗೇ ನಿಂತಿತು. ದೂರದ ಕಪ್ಪು ಚುಕ್ಕೆ ತೇಲಿ ಹತ್ತಿರ ಬಂದಂತಾಯಿತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟೇ ಸದ್ದು.

ನನ್ನ ಗುರಿಯ ಕಾಗದದಲ್ಲಿ ತೂತೇ ಇರಲಿಲ್ಲ. ಪಕ್ಕದ ಹುಡುಗಿಯ ಕಾಗದದಲ್ಲಿ ಒಂದು ಹೆಚ್ಚಾಗಿತ್ತು.

“ಆಕಿಗೆ ದಾನ ಕೊಟ್ಟೀನಿ” ಅಂದೆ. ಶೆಡ್ಡೆಲ್ಲ ನಕ್ಕಿತು. ಮೊಮ್ಮಗಳು ಮಾತ್ರ ನಗದೆ ನನ್ನ ಮುಖ ನೋಡುತ್ತಿದ್ದಳು. “ಸರ್, ಇವತ್ತು ಬಂದೂಕು ಮನಿಗೆ ಒಯ್ಯಲೇನ್ರಿ?” ಎಂದು ಅವರನ್ನು ಕೇಳಿದಳು. ಅವರು ನನ್ನ ಕಡೆ ನೋಡಿದರು. ನಾನು ಬಂದೂಕಿನ ಚೀಲಕ್ಕೆ ಕೈ ಚಾಚಿದೆ.

ಸಂಜೆಯ ಬಸ್ಸಿನಲ್ಲಿ ಉದ್ದನೆಯ ಚೀಲ ನನ್ನ ತೊಡೆಯ ಮೇಲಿತ್ತು. “ಏನೈತಿ ಯವ್ವಾ ಇದರಾಗ?” ಕಂಡಕ್ಟರ್ ಕೇಳಿದ.

“ಬಂದೂಕು.”

“ಹೌದೌದು, ನೀ ಹೊಡೀತಿ” ಎಂದು ನಕ್ಕು ಉಚಿತ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಹೊರಗೆ ತೊಗರಿ ಹೊಲಗಳು ಹಳದಿ ಹಳದಿಯಾಗಿ ಹಿಂದೆ ಹಿಂದೆ ಹರಿಯುತ್ತಿದ್ದವು. ಮೊಮ್ಮಗಳು ನನ್ನ ಭುಜಕ್ಕೆ ಒರಗಿದಳು, ನಾನು ಚೀಲಕ್ಕೆ ಗಲ್ಲ ಆನಿಸಿದೆ. ಮಸ್ಕಿ ಬಂತೆಂದು ಅವಳು ಎಬ್ಬಿಸಿ ಚೀಲಕ್ಕೆ ಕೈ ಹಾಕಿದಳು.

“ಬಿಡಲೇ, ನಾನ ಮನಿಯೊಳಗ ಒಯ್ತೀನಿ” ಅಂದೆ.