ನನಗೆ ಬಾರದ ಕ್ಲಚ್ಚು

ಕಳೆದ ವಾರ ಅಣ್ಣನ ಮಗಳು ಚಿಕ್ಕಮಗಳೂರಿನಿಂದ ತನ್ನ ಹೊಸ ಕಾರಿನಲ್ಲಿ ನನ್ನನ್ನು ಮನೆಗೆ ಬಿಡಲು ಬಂದಳು. ವಸ್ತಾರೆ ದಾಟಿದ ಮೇಲೆ "ನೀವೇ ಸ್ವಲ್ಪ ಓಡ್ಸಿ ಅತ್ತೆ" ಎಂದು ಸೀಟು ಬಿಟ್ಟುಕೊಟ್ಟಳು. ಗೇರು ಬದಲಿಸುವ ಗೋಜಿಲ್ಲದ ಆಟೋಮ್ಯಾಟಿಕ್ ಕಾರು. ಮೊದಲ ತಿರುವಿನಲ್ಲೇ ನನ್ನ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನೇ ಬಲವಾಗಿ ತುಳಿಯಿತು. ಕಾರು ಗಕ್ಕನೆ ನಿಂತಿತು. ಹಿಂದಿದ್ದ ಬಸ್ಸಿನವನು ಹಾರನ್ ಹೊಡೆದದ್ದು ಸಾಲದೆಂದು ಕಿಟಕಿಯಿಂದ ತಲೆ ಹೊರಹಾಕಿ ಏನೋ ಬೈದ. ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಈ ಎಡಗಾಲಿಗೆ ಬುದ್ಧಿ ಕಲಿಸಲು ನಾನು ಪಟ್ಟ ಪಾಡು ಅವಳಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ.

ಜಾವಳಿಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನಮ್ಮ ಯಜಮಾನರಿಗೆ ಚಿಕ್ಕಂದಿನಿಂದಲೂ ದೃಷ್ಟಿ ಮಂದ, ಸೈಕಲ್ಲನ್ನೂ ತುಳಿದವರಲ್ಲ. ಗೊಬ್ಬರ ತರಲು, ಕಾಫಿ ಮೂಟೆ ಸಾಗಿಸಲು ಪಕ್ಕದ ತೋಟದವರ ಜೀಪಿಗಾಗಿ ಕಾದು ಕಾದು ರೋಸಿಹೋಗಿ, ನಲವತ್ತಾರನೇ ವಯಸ್ಸಿನಲ್ಲಿ ನಾನೇ ಒಂದು ಹಳೆಯ ಪಿಕಪ್ ಕೊಂಡೆ. ಯಾರೋ ದೊಡ್ಡ ಪ್ಲಾಂಟರು ಶೋಕಿಗೆಂದು ತರಿಸಿ, ಓಡಿಸಿ, ಬೇಸರ ಬಂದು ಮಾರಿದ ಗಾಡಿ. ಅದೂ ಆಟೋಮ್ಯಾಟಿಕ್ಕೇ. ನಾನು ಅದನ್ನು ಮೆಚ್ಚಿದ ಗುಟ್ಟೂ ಅದೇ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವಾಗ ಮೇಷ್ಟ್ರ ಕಾಲಡಿಯಲ್ಲೂ ಒಂದು ಕ್ಲಚ್ ಇತ್ತು. ನಾನು ತುಳಿಯುವ ಮೊದಲೇ ಅವರು ತುಳಿದುಬಿಡುತ್ತಿದ್ದರು. ಅವರ ಕಾಲಿನ ಪುಣ್ಯದಿಂದಲೇ ನನಗೆ ಲೈಸೆನ್ಸ್ ಸಿಕ್ಕಿದ್ದು.

ಆದರೆ ಊರಿಗೆ ಇದೆಲ್ಲ ಗೊತ್ತಿರಲಿಲ್ಲ. ಮೂಟೆ ಹೇರಿಕೊಂಡು ಮೂಡಿಗೆರೆ ಪೇಟೆಯಲ್ಲಿ ನಾನು ಪಿಕಪ್ ತಿರುಗಿಸುವುದನ್ನು ಜನ ನಿಂತು ನೋಡುತ್ತಿದ್ದರು. "ಅಮ್ಮಾವ್ರು ಲಾರಿ ಕೊಟ್ರೂ ಓಡಿಸ್ತಾರೆ" ಎಂದು ನಮ್ಮ ಮೇಸ್ತ್ರಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಹೌದೋ ಅಲ್ಲವೋ ಎಂದು ನಾನೂ ಬಾಯಿ ಬಿಡಲಿಲ್ಲ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಐದನೇ ವರ್ಷ, ಕಾಫಿ ಕುಯ್ಲಿನ ನಡುವೆ, ಮೂಟೆ ತುಂಬಿದ ಗಾಡಿ ಏರಿನಲ್ಲಿ ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಒಂದಿಂಚು ಕದಲದು. ಹೇಗೋ ಎಳೆಸಿಕೊಂಡು ಮೂಡಿಗೆರೆಯ ವಾಸಣ್ಣನ ಗ್ಯಾರೇಜಿಗೆ ಮುಟ್ಟಿಸಿದೆ.

ವಾಸಣ್ಣನಿಗೆ ಆಗಲೇ ಅರವತ್ತು ದಾಟಿತ್ತು. ಒಂದು ಕಡ್ಡಿ ಮುರಿದ ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಗಾಡಿಯವರ ಮಾತು ಕೇಳುವ ಅಭ್ಯಾಸ ಅವರಿಗಿರಲಿಲ್ಲ, ಗಾಡಿಯ ಮಾತಷ್ಟೇ. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ, "ಸುಟ್ಟು ಕರಕಾಗಿದೆ ಅಮ್ಮಾ. ಇದಕ್ಕೆ ಸಾಮಾನು ಎಲ್ಲೂ ಸಿಗಲ್ಲ. ಕಿತ್ತು ಬಿಸಾಕಿ, ಕ್ಲಚ್ ತುಳಿಯೋ ಮ್ಯಾನ್ಯುವಲ್ ಕೂರ್ಸೋಣ. ಗುಜರಿಯಲ್ಲಿ ಇದೇ ಗಾಡಿದು ಒಂದು ಗೇರ್‌ಬಾಕ್ಸ್ ನೋಡಿದೀನಿ" ಎಂದರು. ಆಮೇಲೆ ನನ್ನ ಮುಖ ನೋಡಿ, "ನಿಮಗೇನು, ಯಾವ್ದಾದ್ರೂ ಓಡಿಸ್ತೀರಿ" ಎಂದು ಸೇರಿಸಿದರು.

ಅಲ್ಲೇ ನಿಜವನ್ನು ನಾಲ್ಕು ಪದದಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗ್ಯಾರೇಜಿನ ಎದುರಿನ ಟೀ ಅಂಗಡಿಯಲ್ಲಿ ಏಳೆಂಟು ಜನ ಕೂತಿದ್ದರು. "ಹ್ಞೂಂ, ಹಾಕಿ" ಎಂದುಬಿಟ್ಟೆ.

ಹತ್ತು ದಿನದ ಕೆಲಸ ಎಂದಿದ್ದರು. ಗೇರ್‌ಬಾಕ್ಸ್ ಬಂತು, ಅದಕ್ಕೆ ಹೊಂದುವ ಫ್ಲೈವೀಲ್ ಎಂಬ ಚಕ್ರ ಬರಲಿಲ್ಲ. ಅದು ಬಂದಾಗ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ನಾಲ್ಕು ಬೆರಳು ಗಿಡ್ಡವಾಯಿತು. ಉದ್ದ ಮಾಡಿಸಲು ಲೇತಿನವನಿಗೆ ಕೊಟ್ಟರೆ ಅವನು ತಂಗಿಯ ಮದುವೆಯೆಂದು ಬಾಗಿಲು ಹಾಕಿಕೊಂಡು ಕಳಸಕ್ಕೆ ಹೋದ. ಎಲ್ಲ ಜೋಡಿಸಿದ ಮೇಲೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಬದಲಿಸಿದರು, ಸ್ಟಾರ್ಟರ್ ಬಿಚ್ಚಿದರು. ಒಂದು ವಾರದ ಮೇಲೆ ಗೊತ್ತಾಯಿತು, ಹಳೆಯ ಗೇರಿನ ಹಿಡಿ ಪಾರ್ಕಿಂಗಿನಲ್ಲಿದೆಯೇ ಎಂದು ಕೇಳಲು ಒಂದು ವೈರು ಇನ್ನೂ ಕಾಯುತ್ತ ಕೂತಿತ್ತಂತೆ! ಹಿಡಿ ಪಾರ್ಕಿಂಗಿನಲ್ಲಿಲ್ಲದೆ ಆಟೋಮ್ಯಾಟಿಕ್ ಗಾಡಿ ಸ್ಟಾರ್ಟ್ ಆಗದು, ಆ ಹಿಡಿಯೋ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ಇಷ್ಟರಲ್ಲಿ ಎರಡೂವರೆ ತಿಂಗಳು. ನಾನು ಮತ್ತೆ ಪಕ್ಕದ ತೋಟದವರ ಜೀಪಿಗಾಗಿ ಗೇಟಿನ ಹತ್ತಿರ ನಿಲ್ಲುವಂತಾಯಿತು. ಹೋದಾಗಲೆಲ್ಲ ವಾಸಣ್ಣನ ಮೇಲೆ ಹಾರಾಡುತ್ತಿದ್ದೆ, ಒಳಗೊಳಗೆ ಇನ್ನೂ ನಾಲ್ಕು ದಿನ ತಡವಾಗಲಿ ಎಂದೂ ಬೇಡಿಕೊಳ್ಳುತ್ತಿದ್ದೆ. ಇಂಥ ಗಿರಾಕಿ ಅವರಿಗೆ ಇನ್ನೊಬ್ಬರು ಸಿಕ್ಕಿರಲಿಕ್ಕಿಲ್ಲ.

ಕೊನೆಗೂ ಒಂದು ಬೆಳಿಗ್ಗೆ ಕೀ ನನ್ನ ಕೈಗೆ ಬಂತು. ಟೀ ಅಂಗಡಿಯವರು ಗ್ಲಾಸು ಹಿಡಿದೇ ರಸ್ತೆಗೆ ಬಂದರು. ಕ್ಲಚ್ ತುಳಿದೆ, ಗೇರ್ ಹಾಕಿದೆ, ಕಾಲು ಬಿಟ್ಟೆ. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ಸತ್ತಿತು. ನಾಲ್ಕು ಸಲ ಹೀಗೆಯೇ ಆಯಿತು.

"ಕ್ಲಚ್ ಸರಿ ಕೂತಿಲ್ಲ ವಾಸಣ್ಣ, ಹಿಡ್ಕೊಳ್ಳುತ್ತೆ" ಎಂದೆ, ಧ್ವನಿಯಲ್ಲಿ ಸ್ವಲ್ಪ ಗತ್ತು ತಂದುಕೊಂಡು.

ಅವರು ಓಡಿಸಿ ನೋಡಿದರು. ಬೆಣ್ಣೆಯಂತೆ ಹೋಯಿತು. ತಲೆ ಕೆರೆದುಕೊಂಡು, "ನಿಮ್ಮಂಥೋರು ಹೇಳಿದ್ಮೇಲೆ ಏನೋ ಇರ್ಬೇಕು" ಎಂದು ಗಾಡಿಯನ್ನು ಮತ್ತೆ ಒಳಗೆ ತೆಗೆದುಕೊಂಡರು.

ಮೂರು ದಿನ ಬಿಟ್ಟು ಹೋದೆ. ವಾಸಣ್ಣ ಗಾಡಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದರು. ಬಿಚ್ಚಿದ ಗೇರ್‌ಬಾಕ್ಸ್ ಅವರ ಎದೆಯಿಂದ ಗೇಣುದ್ದ ಮೇಲೆ ಜ್ಯಾಕಿನ ಮೇಲಿತ್ತು. ಕಣ್ಣಿಗೆ ಎಣ್ಣೆ ತೊಟ್ಟಿಕ್ಕಿ ಒಂದು ಕಣ್ಣು ಮುಚ್ಚಿಕೊಂಡೇ ನಟ್ಟು ತಿರುಗಿಸುತ್ತಿದ್ದರು. "ಒಳಗೆಲ್ಲ ಸರಿನೇ ಇದೆ ಅಮ್ಮಾ, ತಪ್ಪು ಎಲ್ಲಿ ಅಂತ ಸಿಗ್ತಾನೇ ಇಲ್ಲ" ಎಂದು ಕೆಳಗಿನಿಂದ ಧ್ವನಿ ಬಂತು. ಇಲ್ಲದ ತಪ್ಪನ್ನು ಆ ವಯಸ್ಸಾದ ಮನುಷ್ಯ ಎಲ್ಲಿಂದ ಹುಡುಕಬೇಕು? ಬಗ್ಗಿ ಕೂತೆ.

"ವಾಸಣ್ಣ, ಗಾಡಿ ಸರಿ ಇದೆ. ನಂಗೇ ಕ್ಲಚ್ ಬಿಡಕ್ಕೆ ಬರಲ್ಲ."

ಸ್ಪ್ಯಾನರಿನ ಸದ್ದು ನಿಂತಿತು. ಅವರು ನಿಧಾನವಾಗಿ ತೆವಳಿ ಹೊರಗೆ ಬಂದು, ಎದ್ದು ಕೂತು, ಕನ್ನಡಕ ಒರೆಸಿದರು.

"ಎಂಥ ಮಾರಾಯ್ರೆ ನೀವು! ಇಷ್ಟು ದಿನ ಬಾಯಿ ಇರ್ಲಿಲ್ವಾ? ಮೂರು ದಿನದಿಂದ ನಂಗೆ ನಿದ್ದೆ ಇಲ್ಲ. ನನ್ನ ಕೈ ಕೆಟ್ಟೋಯ್ತು, ಇನ್ನು ಗ್ಯಾರೇಜು ಮುಚ್ಚೋದೇ ಅಂದ್ಕೊಂಡಿದ್ದೆ."

ಅಷ್ಟೇ ಹೇಳಿ ಎದ್ದು ಹೋದರು. ನಾನು ಅಲ್ಲೇ ಬಿದ್ದಿದ್ದ ಒಂದು ಟಯರಿನ ಮೇಲೆ ಕೂತೆ. ಅವರು ಬರೀ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಗತ್ತಿಗಾಗಿ ಒಬ್ಬ ಕೆಲಸಗಾರ ತನ್ನ ಕೈಯನ್ನೇ ಅನುಮಾನಿಸಿದನಲ್ಲ, ಅದನ್ನು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವಾಸಣ್ಣ ಎರಡು ಟೀ ಹಿಡಿದು ಬಂದು ಒಂದನ್ನು ನನಗೆ ಕೊಟ್ಟು, "ಭಾನುವಾರ ಬೆಳಿಗ್ಗೆ ಬನ್ನಿ" ಎಂದರು.

ನಾಲ್ಕು ಭಾನುವಾರ ಅವರು ನನ್ನ ಪಕ್ಕದಲ್ಲಿ ಕೂತರು. "ಇಂಜಿನ್ ಸದ್ದು ಇಳಿಯುತ್ತಲ್ಲ, ಅಲ್ಲಿ ಕಾಲು ನಿಲ್ಸಿ. ನಿಲ್ಸಿ ಅಂದ್ನಲ್ಲ! ಅಯ್ಯೋ, ನನ್ನ ಕ್ಲಚ್ ಪ್ಲೇಟು!" ಅವರ ಗಂಟಲೂ ನನ್ನ ಮಂಡಿಯೂ ಒಟ್ಟಿಗೆ ಕೆಟ್ಟವು. ಐದನೇ ಭಾನುವಾರ ಏರಿನ ಮಧ್ಯೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತಿದೆ. ವಾಸಣ್ಣ "ಇನ್ನು ನಾನು ಬೇಡ" ಎಂದು ಅಲ್ಲೇ ಇಳಿದು, ಬಸ್ಸು ಹಿಡಿದು ಮನೆಗೆ ಹೋದರು.

ಮೊನ್ನೆ ಪಿಕಪ್ಪಿನ ಬ್ರೇಕ್ ತೋರಿಸಲು ಹೋದಾಗ ಗ್ಯಾರೇಜಿನ ಶಟರ್ ಅರ್ಧ ಎಳೆದಿತ್ತು. ಒಳಗೆ ವಾಸಣ್ಣ ಒಬ್ಬರೇ, ಹೊಸ ಗಾಡಿಗಳ ರೋಗ ಹೇಳುವ ಒಂದು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಮೊದಲು ಮುಚ್ಚಿಟ್ಟರು. ಆಮೇಲೆ ಹೊರಗೆ ತೆಗೆದರು.

"ಅಮ್ಮಾ, ಇದು ಎಲ್ಲ ಇಂಗ್ಲಿಷಲ್ಲೇ ಹೇಳುತ್ತೆ. ಆರು ತಿಂಗ್ಳಿಂದ ಅಂದಾಜಲ್ಲೇ ನಡೆಸ್ತಿದೀನಿ. ಒಂಚೂರು ಓದಿ ಹೇಳ್ತೀರಾ?"

ಆರು ತಿಂಗಳು ಮುಚ್ಚಿಟ್ಟದ್ದಕ್ಕೆ ಬೈಯಲು ಬಾಯಿ ತೆರೆದೆ. ಅದಕ್ಕೆ ನನಗೆಲ್ಲಿ ಮುಖವಿತ್ತು? ಸ್ಟೂಲು ಎಳೆದುಕೊಂಡು ಕೂತು ಒಂದೊಂದೇ ಸಾಲು ಓದಿ ಹೇಳಿದೆ, ಅವರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಏಳನೆಯ ಸಾಲಿನಲ್ಲಿ ಒಂದು ಉದ್ದನೆಯ ಪದ ಬಂತು. ವಾಸಣ್ಣ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಏನಾದರೊಂದು ಹೇಳಿದ್ದರೂ ನಂಬಿ ಬರೆದುಕೊಳ್ಳುತ್ತಿದ್ದರು.

"ಇದು ನಂಗೂ ಗೊತ್ತಿಲ್ಲ ವಾಸಣ್ಣ" ಎಂದೆ. "ಆ ಜಾಗ ಖಾಲಿ ಬಿಡಿ. ಯಾರನ್ನಾದ್ರೂ ಕೇಳೋಣ."