ಒಂಬತ್ತು ದಿನದ ಗೈರುಹಾಜರಿ

ನನ್ನ ಗಂಡನಿಗೆ ಸೈನ್ಯದಲ್ಲಿ ಬಡ್ತಿ ತಪ್ಪಿದ್ದು ನನಗೆ ಗೊತ್ತಾದದ್ದು ಫೋನಿನಲ್ಲಿ, ಅದೂ ಮಾತು ಮುಗಿಯುವ ಹೊತ್ತಿಗೆ. ಮಗಳಿಗೆ ಜ್ವರ ಬಿಟ್ಟಿತಾ, ಮೇಲಿನ ಟ್ಯಾಂಕ್ ಸೋರುವುದು ನಿಂತಿತಾ ಎಂದೆಲ್ಲ ವಿಚಾರಿಸಿ, ಇನ್ನೇನು ಫೋನ್ ಇಡಬೇಕು ಎನ್ನುವಾಗ, "ನಂದು ಆಗ್ಲಿಲ್ಲ ಕಣೆ" ಎಂದರು.

ಅವರಾಗ ಹವಾಲ್ದಾರ್. ಇಪ್ಪತ್ತೊಂದು ವರ್ಷದ ಸರ್ವೀಸು. ನಾಯಬ್ ಸುಬೇದಾರ್ ಆಗುವವರ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಇಬ್ಬರ ಹೆಸರು ಬಂದಿತ್ತು. ಇವರದಿರಲಿಲ್ಲ.

"ಯಾಕಂತೆ?" ಎಂದೆ.

"ರೆಕಾರ್ಡ್‌ನಲ್ಲಿ ಏನೋ ಒಂದು ಎಂಟ್ರಿ ಇದೆ. ಹಳೇದು. ಬಿಡು."

ನಾನು ಬಿಡಲಿಲ್ಲ. ಎರಡು ತಿಂಗಳ ನಂತರ ರಜೆಗೆ ಬಂದಾಗ ಆ ದಾಖಲೆಯ ಒಂದು ಪ್ರತಿ ತರಲೇಬೇಕೆಂದು ಹಟ ಹಿಡಿದೆ. ತಂದರು. ನನಗೆ ತೋರಿಸದೆ, ಮಡಚಿದ ಪ್ಯಾಂಟಿನ ಕೆಳಗೆ ಪೆಟ್ಟಿಗೆಯಲ್ಲಿಟ್ಟರು. ನಾನೇ ಹುಡುಕಿ ತೆಗೆದೆ, ಆದರೆ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ತಲಘಟ್ಟಪುರದಲ್ಲಿ ಅಪ್ಪನ ಮನೆಯ ಕೆಳಗಿನ ಭಾಗದಲ್ಲಿ ನಾನೂ ಮಗಳೂ ಇರುವುದು; ಅಪ್ಪ ಮೊದಲು ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ನಾನು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಜಯನಗರದ ಅಂಗಡಿಯೊಂದರವರು ಸೀರೆ ಕೊಟ್ಟು ಕಳಿಸುತ್ತಾರೆ. ಆ ಅಂಗಡಿಯ ಯಜಮಾನತಿಯೇ ಜೆ.ಪಿ. ನಗರದ ಒಬ್ಬ ನಿವೃತ್ತ ಸುಬೇದಾರರ ವಿಷಯ ಹೇಳಿದ್ದು. ಸೈನ್ಯದಲ್ಲಿದ್ದಷ್ಟು ಕಾಲವೂ ಅವರು ಕ್ಲರ್ಕ್ ಕೆಲಸ ಮಾಡಿದವರು. ಈಗ ಮನೆಯಲ್ಲೇ ಕೂತು, ಸೈನಿಕರಿಗೆ ಅರ್ಜಿ, ಅಪೀಲು ಬರೆದುಕೊಡುತ್ತಾರೆ.

ಒಂದು ಬೆಳಿಗ್ಗೆ ಇಬ್ಬರೂ ಅವರ ಮನೆಗೆ ಹೋದೆವು. ಇವರಿಗೆ ಇಷ್ಟವಿರಲಿಲ್ಲ. ಚಪ್ಪಲಿ ಬಿಡುವಾಗಲೂ, "ಸುಮ್ನೆ ಯಾಕೆ ಅವರಿಗೆ ತೊಂದರೆ" ಎನ್ನುತ್ತಿದ್ದರು.

ಸುಬೇದಾರರಿಗೆ ಎಪ್ಪತ್ತು ದಾಟಿರಬೇಕು. ಊಟದ ಮೇಜೇ ಅವರ ಆಫೀಸು. ಉಪ್ಪಿನಕಾಯಿ ಭರಣಿಯನ್ನು ಪಕ್ಕಕ್ಕೆ ಸರಿಸಿ, ಕಾಗದ ಬಿಡಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಓದಿದ್ದನ್ನು ನನಗೂ ಅರ್ಥವಾಗಲಿ ಎಂದು ಕನ್ನಡದಲ್ಲಿ ಹೇಳಿದರು.

"ಇದಕ್ಕೆ ನಾವು ರೆಡ್ ಇಂಕ್ ಎಂಟ್ರಿ ಅಂತೀವಮ್ಮ. ದೊಡ್ಡ ಶಿಕ್ಷೆ ಆದ್ರೆ ಕೆಂಪು ಶಾಯಿ, ಸಣ್ಣದಾದ್ರೆ ಕಪ್ಪು. ಇವರದು ಕೆಂಪು. ಆರು ವರ್ಷದ ಹಿಂದೆ, ಆಗಸ್ಟ್ ತಿಂಗಳು. ರಜೆ ಮುಗಿದ ಮೇಲೆ ಒಂಬತ್ತು ದಿನ ಗೈರುಹಾಜರಿ. ಕಾರಣ ಕೇಳಿದ್ರೆ ಕಾರಣ ಕೊಟ್ಟಿಲ್ಲ ಅಂತ ಬರ್ದಿದಾರೆ."

ಆ ಆಗಸ್ಟ್ ಯಾವುದೆಂದು ನನಗೆ ಗೊತ್ತಿತ್ತು.

ಆ ವರ್ಷ ನನಗೆ ಏಳು ತಿಂಗಳಾಗಿತ್ತು. ಇವರು ರೈಲು ಹತ್ತಬೇಕಿದ್ದ ದಿನವೇ ಬೆಳಿಗ್ಗೆ ರಕ್ತ ಹೋಗತೊಡಗಿತು. ಜಯನಗರದ ನರ್ಸಿಂಗ್ ಹೋಮಿಗೆ ಸೇರಿಸಿದರು. ಮಗು ಉಳಿಯಲಿಲ್ಲ. ನಂಜೇರಿ ನಾನೂ ಉಳಿಯುವುದು ಕಷ್ಟ ಎನ್ನುವಂತಾಗಿತ್ತಂತೆ. ಪ್ರಜ್ಞೆ ಬಂದಾಗ ಇವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ರೈಲು ಎಂದೆ. "ರಜೆ ಎಕ್ಸ್‌ಟೆಂಡ್ ಆಯ್ತು. ಸಾಹೇಬ್ರು ಒಳ್ಳೆಯವರು" ಎಂದರು. ಆಮೇಲಿನ ದಿನಗಳಲ್ಲಿ ಅವರೇ ನನ್ನ ತಲೆ ಬಾಚಿದರು. ಗಂಟು ಬಿಡಿಸಲು ಬಾರದೆ, ಒಂದೊಂದು ಎಳೆಯನ್ನೂ ಬೆರಳಿನಲ್ಲಿ ಹಿಡಿದು ಬಿಡಿಸುತ್ತಿದ್ದರು. ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು ಮನೆಯಿಂದ ಬಸ್ಸಿನಲ್ಲಿ ತರುತ್ತಿದ್ದರು. ಆಗ ಆರು ವರ್ಷದವಳಾಗಿದ್ದ ಮಗಳಿಗೆ ಎರಡು ಜಡೆ ಹಾಕಿ ಸ್ಕೂಲಿಗೆ ಬಿಟ್ಟು, ಅಲ್ಲಿಂದ ನೇರ ಆಸ್ಪತ್ರೆಗೆ. ನನ್ನನ್ನು ಮನೆಗೆ ಕರೆತಂದ ಮಾರನೆಯ ದಿನ ಹೊರಟುಹೋದರು. ಆ ಸಾಹೇಬರು ಯಾರೋ, ಅವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಹರಸಿದ್ದೆ.

ಸುಬೇದಾರರ ಮೇಜಿನ ಮುಂದೆ ಕೂತು ಇವರ ಮುಖ ನೋಡಿದೆ. ಅವರು ಕಾಫಿ ಲೋಟ ನೋಡುತ್ತಿದ್ದರು.

"ಕಾರಣ ಇತ್ತಾ?" ಸುಬೇದಾರರು ಕೇಳಿದರು.

"ಇತ್ತು ಸಾರ್. ಅದು ಬೇಡ."

"ಬೇಡ ಅಂದ್ರೆ? ಅಪೀಲಿಗೆ ಬೇರೆ ಆಧಾರವೇ ಇಲ್ವಲ್ಲಪ್ಪ."

"ಹಂಗಾದ್ರೆ ಅಪೀಲೇ ಬೇಡ ಸಾರ್" ಎಂದು ಎದ್ದುಬಿಟ್ಟರು. ಸುಬೇದಾರರು ನನ್ನ ಕಡೆ ನೋಡಿದರು. ನಾನು ನಮಸ್ಕಾರ ಮಾಡಿ ಹೊರಬಂದೆ.

ಮೆಟ್ರೋದಲ್ಲಿ ಸೀಟು ಸಿಕ್ಕಿತು. ಎರಡು ಸ್ಟೇಷನ್ ದಾಟಿದವು.

"ಎಕ್ಸ್‌ಟೆಂಡ್ ಆಯ್ತು ಅಂದಿದ್ರಲ್ಲ" ಎಂದೆ.

"ಫೋನ್ ಮಾಡಿ ರಜೆ ಬೇಕು ಅಂತಷ್ಟೇ ಕೇಳಿದ್ದೆ. ನೋಡೋಣ ಅಂದಿದ್ರು. ಆಮೇಲೆ ಆಗಲ್ಲ ಅಂದ್ರು."

"ಅವತ್ತೇ ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಹೊರಡಿ ಅಂತಿದ್ದೆ."

ನಿಜ. ಅನ್ನುತ್ತಿದ್ದೆ.

"ಅಲ್ಲಾದ್ರೂ ಯಾಕೆ ಹೇಳ್ಲಿಲ್ಲ?"

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಕನಕಪುರ ರಸ್ತೆ ಕೆಳಗೆ ಹಿಂದಕ್ಕೆ ಸರಿಯುತ್ತಿತ್ತು. "ಸಾಲಾಗಿ ನಿಲ್ಸಿ ಕೇಳ್ತಾರೆ. ನನ್ನ ಮುಂದಿದ್ದವನು ತಂಗಿ ಮದುವೆ ಅಂದ. ಅವನಿಗಿಂತ ಮುಂದಿದ್ದವನು ಬಸ್ ಸಿಗ್ಲಿಲ್ಲ ಅಂದ. ಅದರ ಜೊತೆ ನಮ್ಮ ಮಗು ವಿಷಯಾನೂ ಒಂದು ಸಬೂಬು ಥರ ಹೇಳೋಕೆ ಬಾಯಿ ಬರ್ಲಿಲ್ಲ. ಶಿಕ್ಷೆ ಕೊಟ್ರು, ತಗೊಂಡೆ. ಮುಗೀತು ಅಂದ್ಕೊಂಡೆ" ಎಂದರು.

ಹತ್ತು ದಿನಕ್ಕೆ, ರಜೆ ಮುಗಿಯುತ್ತ ಬಂತೆಂದು ಹೊರಟರು. ಈ ಸಲ ಒಂದು ದಿನ ಮೊದಲೇ.

ನಾನು ಸೀರೆಯ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ. ಗಂಟು ಹಾಕುವುದು, ತಪ್ಪಿತೆಂದು ಬಿಚ್ಚುವುದು. ಬಡ್ತಿಗಿಂತ ಹೆಚ್ಚಾಗಿ ಆ ಒಂದು ಸಾಲು ನನ್ನನ್ನು ಕೊರೆಯುತ್ತಿತ್ತು. ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಮನುಷ್ಯನ ಹೆಸರಿನ ಮುಂದೆ 'ಗೈರುಹಾಜರಿ' ಎಂದು ಬರೆದಿದ್ದರು. ಅವರು ಎಲ್ಲಿ ಹಾಜರಿದ್ದರು ಎನ್ನುವುದು ಗೊತ್ತಿದ್ದವಳು ನಾನು. ಅದನ್ನು ಹೇಳಲು ಅವರಿಗೆ ಬಾಯಿ ಬಾರದಿದ್ದರೆ ನಾನು ಹೇಳಬೇಕು ಎನ್ನಿಸಿತು.

ಆಸ್ಪತ್ರೆಯ ಫೈಲು ಮನೆಯಲ್ಲಿರಲಿಲ್ಲ. ನನ್ನ ಕಣ್ಣಿಗೆ ಬೀಳಬಾರದೆಂದು ಅಮ್ಮ ಅದನ್ನು ಆಗಲೇ ಹರಿದುಹಾಕಿದ್ದಳು. ಒಂದು ಸೋಮವಾರ, ಅಂಗಡಿಗೆ ಸೀರೆ ಕೊಟ್ಟು, ಜಯನಗರದ ಆ ನರ್ಸಿಂಗ್ ಹೋಮಿಗೆ ಒಬ್ಬಳೇ ಹೋದೆ. ಆರು ವರ್ಷ ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಸುತ್ತಾದರೂ ಸರಿ ಎಂದು ಹಿಂದಿನ ರಸ್ತೆಯಲ್ಲೇ ಓಡಾಡುತ್ತಿದ್ದೆ.

ಹಳೆಯ ಕೇಸುಗಳ ಕಾಗದಗಳನ್ನು ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಅಲ್ಲಿದ್ದ ಹೆಂಗಸು ನನ್ನ ಗುರುತಿನ ಚೀಟಿ ನೋಡಿ, ಅರ್ಜಿ ಬರೆಸಿಕೊಂಡು, ಅರ್ಧ ಗಂಟೆಯ ನಂತರ ಒಂದು ಫೈಲು ಹಿಡಿದು ಬಂದರು. ಪ್ರತಿ ಮಾಡಿಸುವ ಮುಂಚೆ ಒಂದೊಂದೇ ಹಾಳೆ ತಿರುವಿ, "ಡಿಸ್ಚಾರ್ಜ್ ಸಮ್ಮರಿ ಬೇಕಾ, ಎಲ್ಲಾ ಬೇಕಾ ಅಕ್ಕ?" ಎಂದು ಕೇಳಿದರು.

"ಎಲ್ಲಾ ಕೊಡಿ."

ಒಂದು ಹಾಳೆಯ ಮೇಲೆ ಅವರ ಕೈ ನಿಂತಿತು. "ಇದು... ಪಾಪು ಬಾಡಿ ತಗೊಂಡಿದ್ದಕ್ಕೆ ಸೈನ್ ಮಾಡಿರೋದು. ಇದೂ ಬೇಕಾ?"

ಕೈಗೆ ತೆಗೆದುಕೊಂಡೆ. ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಅದರ ಕೆಳಗೆ ಹೆಣ್ಣು ಎಂದಿತ್ತು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

ಹೆಣ್ಣೋ ಗಂಡೋ ಎಂದು ಈ ಆರು ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಕೊನೆಯಲ್ಲಿ ಇವರ ಸಹಿ. ಸಹಿಯ ಜೊತೆಗೆ, ಯಾರೂ ಕೇಳದಿದ್ದರೂ ಅಭ್ಯಾಸಬಲದಿಂದ, ತಮ್ಮ ಸೈನ್ಯದ ನಂಬರನ್ನೂ ರ್‍ಯಾಂಕನ್ನೂ ಬರೆದಿದ್ದರು. ಪಕ್ಕದಲ್ಲಿ ತಾರೀಖು. ಆ ಒಂಬತ್ತು ದಿನಗಳಲ್ಲಿ ಒಂದು. ಆ ಹೆಂಗಸು ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿ, ಬಾಟಲಿಯಿಂದ ನೀರು ಕೊಟ್ಟರು. ಕುಡಿದು, ಆ ಹಾಳೆಯನ್ನೂ ಪ್ರತಿ ಮಾಡಿಸಲು ಕೊಟ್ಟೆ.

ಆ ಸಂಜೆ ನಾನೇ ಫೋನ್ ಮಾಡಿದೆ.

"ಆಸ್ಪತ್ರೆಗೆ ಹೋಗಿದ್ದೆ. ಫೈಲ್ ತಂದೆ."

"ಒಬ್ಬಳೇನಾ?" ಎಂದರು.

"ಹೆಣ್ಣು ಮಗು ಅಂತ ಯಾಕೆ ಹೇಳ್ಲಿಲ್ಲ ನೀವು?"

"ನೀನಾಗೇ ಕೇಳ್ತೀಯ ಅಂತ ಇದ್ದೆ." ಆಮೇಲೆ, "ತಲೆ ತುಂಬ ಕೂದಲಿತ್ತು ಕಣೆ. ನಿನ್ನ ಥರ" ಎಂದರು.

ಅವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹದಿನೈದು ವರ್ಷದ ಮದುವೆಯಲ್ಲಿ. ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಕೊನೆಗೆ ನಾನು, "ಇದನ್ನ ಬರೆಸ್ತೀನಿ ರೀ. ಸಬೂಬು ಆಗಲ್ಲ. ಬರೆಯೋ ಹಾಗೆ ಬರೆಸ್ತೀನಿ" ಎಂದೆ. ಅವರು, "ನೋಡು. ನಿನಗೆ ಸರಿ ಅನ್ಸಿದ್ರೆ" ಎಂದರು.

ಸುಬೇದಾರರ ಮನೆಗೆ ಒಬ್ಬಳೇ ಹೋದೆ. ಅವರು ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಆ ಸಹಿಯ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ, ಬಂದು ನನ್ನ ಪಕ್ಕ ಕೂತಿರಲು ಹೇಳಿದರು. ಆಂಟಿ ಬಟಾಣಿ ಸುಲಿಯುತ್ತಿದ್ದವರು ತಟ್ಟೆ ಸಮೇತ ಬಂದು ಕೂತರು. ನಾನೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡೆ.

ಸುಬೇದಾರರು ಟೈಪ್ ಮಾಡಿ ಮುಗಿಸಿ ಅರ್ಥ ಹೇಳಿದರು. ಶಿಕ್ಷೆ ಕೊಟ್ಟಿದ್ದು ತಪ್ಪು ಎಂದು ಎಲ್ಲೂ ಇರಲಿಲ್ಲ. ಒಂಬತ್ತು ದಿನ ಬರಲಿಲ್ಲ ಎನ್ನುವುದು ನಿಜ. ಆದರೆ ಕಾರಣವಿತ್ತು, ಅದಕ್ಕೆ ದಾಖಲೆ ಇಲ್ಲಿದೆ. ದುಃಖದಲ್ಲಿ ಅದನ್ನು ಹೇಳಲಾಗಲಿಲ್ಲ. ದಾಖಲೆ ತಿದ್ದಿ ಬಡ್ತಿಯನ್ನು ಮತ್ತೆ ಪರಿಶೀಲಿಸಬೇಕು. ಅಷ್ಟೇ. ನಡುವೆ ಒಂದು ಕಡೆ, ಗರ್ಭದಲ್ಲೇ ಭ್ರೂಣ ತೀರಿಕೊಂಡು ಎಂದು ಬರುತ್ತಿತ್ತು.

"ಸಾರ್, ಭ್ರೂಣ ಅಂತ ಬೇಡ."

"ಆಸ್ಪತ್ರೆ ಕಾಗದದಲ್ಲಿ ಹಂಗೇ ಇದೆ ತಾಯಿ."

"ಮಗಳು ಅಂತ ಬರೀರಿ."

ಅವರು ಪೆನ್ನಿನ ತುದಿಯಿಂದ ಆಸ್ಪತ್ರೆ ಕಾಗದದ ಆ ಸಾಲನ್ನು ತೋರಿಸಿದರು. ಆಂಟಿ, "ಬರೀರಿ ಅಂದ್ರೆ ಬರೀರಿ" ಎಂದರು. ಅವರು ಆ ಪದ ಹೊಡೆದು ಹಾಕಿ ಮೇಲೆ ಇನ್ನೊಂದು ಬರೆದರು. ಆಮೇಲೆ ಆ ಇಡೀ ಹಾಳೆಯನ್ನು, ಹೊಡೆದು ಹಾಕಿದ ಗುರುತಿರಬಾರದೆಂದು, ಹೊಸದಾಗಿ ಟೈಪ್ ಮಾಡಿದರು.

ಇವರು ಸಹಿ ಹಾಕಿ ತಮ್ಮ ಕಮಾಂಡಿಂಗ್ ಆಫೀಸರ್ ಮೂಲಕ ಕಳಿಸಿದರು. ಮೊದಲ ಉತ್ತರ ಐದು ತಿಂಗಳಿಗೆ ಬಂತು. ತಡವಾಗಿ ಸಲ್ಲಿಸಿದ್ದರಿಂದ ಪರಿಗಣಿಸಲಾಗದು ಎಂದಿತ್ತು. ನಾನು ಕುಗ್ಗಿಹೋದೆ. ಸುಬೇದಾರರು ಫೋನಿನಲ್ಲಿ, "ಇದು ಮೊದಲನೇ ಮೆಟ್ಟಿಲಮ್ಮ, ಮೇಲೆ ಇನ್ನೊಂದಿದೆ" ಎಂದು ಆ ವಾರವೇ ಎರಡನೇ ಅರ್ಜಿ ಸಿದ್ಧ ಮಾಡಿದರು. ಅದರ ಮೇಲೆ ಇವರನ್ನು ಕರೆಸಿ ಒಬ್ಬ ಹಿರಿಯ ಅಧಿಕಾರಿ ಮಾತಾಡಿದರಂತೆ. ಕೂತುಕೊಳ್ಳಲು ಹೇಳಿದರಂತೆ. ಆಗ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಇವರು, ಮೆಟ್ರೋದಲ್ಲಿ ನನಗೆ ಹೇಳಿದ್ದನ್ನೇ ಹೇಳಿದರಂತೆ.

ಗೈರುಹಾಜರಿ ಅಳಿಸಿಹೋಗಲಿಲ್ಲ. ಆದರೆ ಶಿಕ್ಷೆಯನ್ನು ಕಡಿಮೆ ಮಾಡಿ, ಎಂಟ್ರಿಯನ್ನು ಕಪ್ಪು ಶಾಯಿಗೆ ಬದಲಾಯಿಸಿ, ಹೆಂಡತಿಯ ಅನಾರೋಗ್ಯ ಮತ್ತು ಮಗಳ ಸಾವಿನ ಕಾರಣ ಎಂದು ಅದರ ಪಕ್ಕ ಸೇರಿಸಿದರು. ಮುಂದಿನ ಬಡ್ತಿ ಬೋರ್ಡಿನ ಪಟ್ಟಿಯಲ್ಲಿ ಇವರ ಹೆಸರು ಬಂತು. ಆ ಇಬ್ಬರು ಕಿರಿಯರು ಈಗ ಇವರಿಗಿಂತ ಸೀನಿಯರು. ಅದನ್ನು ಸರಿಮಾಡಲು ಮತ್ತೆ ಬರೆಯೋಣವೇ ಎಂದು ಸುಬೇದಾರರು ಕೇಳಿದರು. ಇವರು ಸಾಕು ಸಾರ್ ಎಂದರು.

ನನಗೆ ಹೊಳೆಯದೆ ಹೋಗಿದ್ದು ಒಂದಿತ್ತು. ಹವಾಲ್ದಾರ್ ಆಗಿಯೇ ಇದ್ದಿದ್ದರೆ ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗಿ ಮನೆಗೆ ಬರುತ್ತಿದ್ದರು. ಬಡ್ತಿಯಾದ್ದರಿಂದ ಇನ್ನಷ್ಟು ವರ್ಷ ಅಲ್ಲೇ. "ನೀನೇ ಅರ್ಜಿ ಕೊಟ್ಟು ನನ್ನನ್ನ ಅಲ್ಲೇ ಉಳಿಸ್ಬಿಟ್ಟೆ" ಎಂದು ಛೇಡಿಸಿದರು. ನಗು ಬಂತು, ಫೋನ್ ಇಟ್ಟ ಮೇಲೆ ಆ ವರ್ಷಗಳನ್ನು ಬೆರಳಲ್ಲಿ ಎಣಿಸಿದೆ. ಆದರೂ ಮತ್ತೆ ಕೇಳಿದರೆ ಅದನ್ನೇ ಮಾಡುತ್ತೇನೆ.

ಕಳೆದ ಸಲ ರಜೆಗೆ ಬಂದಾಗ, ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಎಂಟನೇ ಕ್ಲಾಸಿನ ಮಗಳು, ಅಪ್ಪನಿಗೆ ಮೊದಲು ಯಾಕೆ ಪ್ರಮೋಷನ್ ಸಿಗಲಿಲ್ಲ ಎಂದು ಕೇಳಿದಳು. ನಾನು ಇವರ ಮುಖ ನೋಡಿದೆ. ಅವರು ಅನ್ನ ಕಲೆಸುತ್ತಲೇ ಎಲ್ಲ ಹೇಳಿದರು. ಆಸ್ಪತ್ರೆ, ಗಂಜಿ, ನಿನಗೆ ಜಡೆ ಹಾಕಿದ್ದು, ತಾತನ ಜೊತೆ ಹೋಗಿ ಪಾಪುವನ್ನು ಮಣ್ಣು ಮಾಡಿ ಬಂದಿದ್ದು. ಮಣ್ಣು ಮಾಡಿದ ವಿಷಯವನ್ನು ನಾನೂ ಅವತ್ತೇ ಮೊದಲು ಕೇಳಿದ್ದು.

ಅವಳು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದಳು. "ಹಂಗಾದ್ರೆ ಅವಳು ಈಗ ಸೆಕೆಂಡ್ ಸ್ಟ್ಯಾಂಡರ್ಡ್" ಎಂದಳು.

"ಹೂಂ" ಎಂದರು ಇವರು. "ಸೆಕೆಂಡು."

ನಾನು ಇಬ್ಬರಿಗೂ ಸಾರು ಬಡಿಸಿದೆ.